ಹುಟ್ಟುನಂಬರು

ಸ್ಲೀಮ್ ಬಾಯಿ ತೆರೆದನೆಂದರೆ ನಾನು ಹಲ್ಲು ಕಚ್ಚಿಕೊಳ್ಳುತ್ತೇನೆ. ಅದೀಗ ಅಭ್ಯಾಸವಾಗಿಬಿಟ್ಟಿದೆ. ನಮ್ಮ ಕಂಪನಿಯಲ್ಲಿ ಅವನ ಹುದ್ದೆಯ ಹೆಸರು ‘ಸಹಭಾಗಿತ್ವ ನಿರ್ದೇಶಕ’. ಅಂದರೆ ಬೇರೆ ಕಂಪನಿಯವರ ಜೊತೆ ಊಟ ಮಾಡಿ, ಅವರಿಗೆ ಬೇಕಾದದ್ದನ್ನು ನಮ್ಮ ಕೈಯಿಂದ ಮಾಡಿಸಿಕೊಡುವವನು. ಫೋನಿನ ಒಳಗೇನಿದೆ ಎಂಬುದರ ತಲೆಬುಡ ಅವನಿಗೆ ತಿಳಿಯದು. ಹೊರಗೆ ಈ ವರ್ಷ ಯಾವ ಬಣ್ಣ ಓಡುತ್ತದೆ ಎಂದು ಮಾತ್ರ ಚೆನ್ನಾಗಿ ಗೊತ್ತು. ವಾರದ ಕೊನೆಗೆ ತನ್ನೂರು ಬಿಜರ್ತ್‌ಗೆ ಹೋಗಿ, ಅಲ್ಲಿ ಯಾರು ಯಾವ ಕಾರು ಕೊಂಡರು, ಯಾರ ಮಗಳ ನಿಶ್ಚಿತಾರ್ಥ ಮುರಿಯಿತು ಎಂಬ ಸುದ್ದಿಯನ್ನೆಲ್ಲ ಹೊತ್ತು ತಂದು, ಸೋಮವಾರ ಕಾಫಿ ಯಂತ್ರದ ಪಕ್ಕದಲ್ಲಿ ನಿಂತು ಹಂಚುತ್ತಾನೆ.

ರಾಜಧಾನಿಯ ಪಕ್ಕದ ಗಜಾಲಾದಲ್ಲಿರುವ ನಮ್ಮ ಕಂಪನಿ ಅಗ್ಗದ ಫೋನು ಮಾಡುತ್ತದೆ. ಚೆಂದವಿಲ್ಲ, ಆದರೆ ಬಿದ್ದರೆ ಒಡೆಯುವುದಿಲ್ಲ, ಹಾಗಾಗಿ ಟ್ಯುನೀಸಿಯಾದಲ್ಲಿ ನಾಲ್ಕು ಲಕ್ಷ ಜನರ ಜೇಬಿನಲ್ಲಿದೆ. ಅದರ ಕರ್ನಲ್ ಬರೆಯುವವರಲ್ಲಿ ನಾನೊಬ್ಬಳು. ಕರ್ನಲ್ ಎಂದರೆ ಫೋನಿನ ಕಾವಲುಗಾರ ಎಂದುಕೊಳ್ಳಿ. ಯಂತ್ರ ಅವನ ಬೆನ್ನ ಹಿಂದೆ, ಆ್ಯಪ್‌ಗಳು ಅವನ ಮುಂದೆ. ಒಳಗಿನದು ಏನೇ ಇದ್ದರೂ ಅವನು ಕೈಯೆತ್ತಿ ಕೊಟ್ಟರೆ ಮಾತ್ರ ಹೊರಗೆ ಹೋಗುತ್ತದೆ.

ಪ್ರತಿ ಫೋನಿನ ಚಿಪ್‌ನಲ್ಲೂ ಕಾರ್ಖಾನೆಯಲ್ಲೇ ಸುಟ್ಟು ಬರೆದ ಒಂದು ನಂಬರಿರುತ್ತದೆ. ನಾವು ಅದನ್ನು ಹುಟ್ಟುನಂಬರು ಎನ್ನುತ್ತೇವೆ. ಸಿಮ್ ಬದಲಾಯಿಸಿ, ಹೆಸರು ಬದಲಾಯಿಸಿ, ಫೋನನ್ನು ಪೂರ್ತಿ ಒರೆಸಿ ಹೊಸದರಂತೆ ಮಾಡಿ, ಆ ನಂಬರು ಮಾತ್ರ ಅಲ್ಲೇ ಇರುತ್ತದೆ. ಅದನ್ನು ಕೇಳಿದ ಆ್ಯಪ್‌ಗೆಲ್ಲ ಕೊಡಬೇಕೋ ಬೇಡವೋ ಎಂಬುದು ಎರಡು ವರ್ಷದ ಹಿಂದೆ ಒಂದು ಮಂಗಳವಾರ ನಮ್ಮ ಮುಂದೆ ಬಂತು.

ತಂದವನು ಸ್ಲೀಮ್. ಕೇಳಿದವರು ಖಾಬಿಯಾ ದಿನಸಿ ಅಂಗಡಿಯವರು, ಊರೂರಿಗೊಂದು ಮಳಿಗೆ ಇರುವವರು. ಅವರ ಆ್ಯಪ್ ಹಾಕಿಕೊಂಡ ಹೊಸಬರಿಗೆ ಒಂದು ಎಣ್ಣೆ ಬಾಟಲಿ ಬರುವಷ್ಟು ಸ್ವಾಗತದ ಪಾಯಿಂಟು ಕೊಡುತ್ತಿದ್ದರು. ಜನ ಆ್ಯಪ್ ಅಳಿಸಿ, ಬೇರೆ ಹೆಸರಿನಲ್ಲಿ ಮತ್ತೆ ಹಾಕಿ, ಮತ್ತೊಂದು ಬಾಟಲಿ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೆ ಹುಟ್ಟುನಂಬರು ಬೇಕಂತೆ. ಎಣ್ಣೆ ಬಾಟಲಿ ಉಳಿಸಲು ಇಡೀ ದೇಶದ ಗುರುತು ಕೇಳುವ ಜನ.

"ಇದು ಕಾವಲುಗಾರನ ಕೆಲಸ ಅಲ್ಲ. ಬಂದೋರಿಗೆಲ್ಲ ಮನೆಯವರ ಗುರುತು ಹೇಳ್ತಾ ಕೂರೋನನ್ನ ಚಾಡಿಕೋರ ಅಂತಾರೆ," ಎಂದೆ ನಾನು.

ಸ್ಲೀಮ್ ನಕ್ಕ. "ಆಸಿಯಾ, ನಿಮ್ಮ ಮಾತು ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಒಂದು ಹೆಸರು ಹೇಳಿ. ಇದ್ರಿಂದ ತೊಂದ್ರೆಗೆ ಸಿಕ್ಕ ಒಬ್ಬೇ ಒಬ್ಬ ಮನುಷ್ಯನ ಹೆಸರು."

"ಇನ್ನೂ ಕೊಟ್ಟೇ ಇಲ್ಲ, ತೊಂದ್ರೆ ಎಲ್ಲಿಂದ ಬರುತ್ತೆ?"

"ಹಾಗಾದ್ರೆ ತೊಂದ್ರೆ ಇಲ್ಲ ಅಂತಾಯ್ತು."

ಈ ತರ್ಕಕ್ಕೆ ತಲೆಯಾಡಿಸಿದವರಿದ್ದರು ಎಂಬುದೇ ನನಗೆ ಹೇಸಿಗೆ. ಆದರೆ ಅವನಿಗೆ ಈ ಅಸ್ತ್ರ ಕೊಟ್ಟವರು ನಮ್ಮ ಮುಖ್ಯಸ್ಥ ಶೆದ್ಲಿ, ಎಲ್ಲರ ಬಾಯಲ್ಲಿ ಗೌರವಕ್ಕೆ ‘ಸಿ ಶೆದ್ಲಿ’. ಮೂವತ್ತು ವರ್ಷದಿಂದ ಕರ್ನಲ್ ಬರೆಯುತ್ತಿರುವ ಮುದುಕ. ಅವರ ರುಜು ಇಲ್ಲದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ. ಅವರದು ಎರಡು ನಿಯಮ; ಎರಡೂ ನಮ್ಮ ಕಸುಬಿನಲ್ಲಿ ಎಲ್ಲರೂ ಒಪ್ಪುವಂಥವೇ. ಒಂದು, ದೂರು ಕೊಡುವವರು ನಿಜವಾದ ಮನುಷ್ಯನಿಗೆ ನಿಜವಾಗಿ ಆದದ್ದನ್ನು ತೋರಿಸಬೇಕು. ಆದೀತು, ಹೋದೀತು ಎಂದರೆ ಕೇಳುವುದಿಲ್ಲ. ಇನ್ನೊಂದು, ಆ್ಯಪ್‌ಗಳಿಗೆ ಒಮ್ಮೆ ಕೊಟ್ಟದ್ದನ್ನು ಎಂದೂ ಕಿತ್ತುಕೊಳ್ಳಬಾರದು. ನಿನ್ನೆ ಓಡುತ್ತಿದ್ದ ಆ್ಯಪ್ ಇವತ್ತೂ ಓಡಬೇಕು, ನಮ್ಮಿಂದ ಅದು ನಿಲ್ಲಕೂಡದು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿ. ಕೊಡುವ ಮೊದಲು ತೊಂದರೆ ತೋರಿಸಲಾಗುವುದಿಲ್ಲ, ತೊಂದರೆಯಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಇಂಥ ಚೆಂದದ ಬಲೆಯನ್ನು ದಡ್ಡರಿಂದ ಹೆಣೆಯಲಾಗದು.

ಇಷ್ಟಾದ ಮೇಲೆ ಲಮೀನ್ ಕೈಯೆತ್ತಿದ. ಲಮೀನ್ ನನ್ನ ಸಹೋದ್ಯೋಗಿ. ಒಳ್ಳೆಯ ತಲೆ, ಆದರೆ ಅದು ಹೆಸರಿನ ಮೇಲೆ ಕೂತರೆ ಏಳುವುದಿಲ್ಲ. ನಂಬರು ಸಿಗುವ ಫೈಲಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಅಡ್ಡಗೆರೆ ಮೇಲಿರಬೇಕೋ (-) ಕೆಳಗಿರಬೇಕೋ (_) ಎಂದು ಕೇಳಿದ. ಕೆಳಗೆ ಎಂದರು ಒಬ್ಬರು. ಹಳೆಯ ಫೈಲುಗಳಲ್ಲಿ ಮೇಲಿದೆ ಎಂದರು ಇನ್ನೊಬ್ಬರು. ಗೆರೆಯೇ ಬೇಡ ಎಂದ ಮೂರನೆಯವನೂ ಸಿಕ್ಕಿದ. ಊಟದ ಹೊತ್ತಿನವರೆಗೆ ಅದೇ ಜಗಳ. ನಾಲ್ಕು ಲಕ್ಷ ಜನರ ಗುರುತು ಬೀದಿಗೆ ಬೀಳುತ್ತಿದ್ದಾಗ ನಮ್ಮವರು ಗೆರೆ ನೋಡುತ್ತಿದ್ದರು. ಗೆರೆ ಕೆಳಗೆ ಬಂತು. ಫೈಲನ್ನು ಯಾರು ಬೇಕಾದರೂ ಓದಬಹುದು ಎಂಬ ಸಾಲು ಯಾರ ಕಣ್ಣಿಗೂ ಬೀಳದೆ ಒಳಗೆ ಹೋಯಿತು. ನಾನೊಬ್ಬಳೇ ರುಜು ಹಾಕಲಿಲ್ಲ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಎರಡು ವರ್ಷ ಕಳೆಯಿತು. ಹೋದ ಚಳಿಗಾಲದ ಒಂದು ಬೆಳಿಗ್ಗೆ ಅರಿಯಾನಾದ ನನ್ನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ದಲೆಂದಾ. ನನ್ನ ಚಿಕ್ಕಮ್ಮನ ಮಗಳು.

ಅವಳನ್ನು ನೋಡಿ ತಿಂಗಳುಗಳೇ ಆಗಿದ್ದವು. ಬಿಜರ್ತ್‌ನಲ್ಲಿ ಟೈರ್ ಅಂಗಡಿಯಿಟ್ಟಿರುವ ನೂಮಾನ್ ಅವಳ ಗಂಡ. ಊರಿಗೆಲ್ಲ ದೊಡ್ಡ ಮನುಷ್ಯ, ಈದ್‌ಗೆ ನಾಲ್ಕು ಮನೆಗೆ ಮಾಂಸ ಕಳಿಸುವವನು. ಅವಳ ಮಣಿಕಟ್ಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದವನೂ ಅವನೇ. ಕಟ್ಟು ಬಿಚ್ಚಿಸಿಕೊಂಡ ಮಾರನೆ ದಿನ ಅವಳು ಮನೆ ಬಿಟ್ಟಿದ್ದಳು. ಎಲ್ಲಿಗೆ ಎಂದು ನಮ್ಮಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

"ಅಕ್ಕಾ, ಬಾಗಿಲು ಹಾಕು," ಎಂದಳು. ಉಸಿರು ಬಿಗಿಹಿಡಿದುಕೊಂಡೇ ಬಂದಿದ್ದಳು.

ಕಾಫಿ ಕೊಟ್ಟೆ, ಕುಡಿಯಲಿಲ್ಲ. ಬ್ರೆಡ್ಡು ಮುರಿದು ಎಣ್ಣೆಗೆ ಅದ್ದಿದಳು, ತಿನ್ನಲಿಲ್ಲ. ಆಮೇಲೆ ಒಂದೊಂದೇ ಹೇಳಿದಳು. ಬಂದರೂರು ಲಾ ಗುಲೆತ್‌ನಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಅಲ್ಲಿ ಮದುವೆ ಬಟ್ಟೆ ಹೊಲಿಯುವ ಹೆಂಗಸಿನ ಬಳಿ ಕೆಲಸ. ಅಲ್ಲಿ ಅವಳ ಹೆಸರು ಹಿಂದ್. ಫೋನನ್ನು ಅಂಗಡಿಯವನಿಂದ ಪೂರ್ತಿ ಒರೆಸಿಸಿ, ಹೊಸ ಸಿಮ್ ಹಾಕಿಸಿಕೊಂಡಿದ್ದಾಳೆ.

"ಹಳೇದು ಒಂದು ಚೂರೂ ಇಟ್ಟಿರ್ಲಿಲ್ಲ ಅಕ್ಕಾ. ಅಮ್ಮನ ಫೋಟೋ ಕೂಡ. ಅಷ್ಟು ಹೆದರಿಕೆ ನಂಗೆ."

"ಮತ್ತೆ?"

"ಕೋಣೆ ಕೆಳಗೇನೇ ಖಾಬಿಯಾ ಇದೆ. ಆ್ಯಪ್ ಇದ್ರೆ ಅಕ್ಕಿ ಕಮ್ಮಿಗೆ ಕೊಡ್ತಾರೆ ಅಂದ್ರು. ಹಿಂದ್ ಅಂತ ಹೆಸ್ರು ಕೊಟ್ಟು ಹಾಕ್ಕೊಂಡೆ. ನೋಡು ಏನ್ ಬಂತು."

ಫೋನು ನಮ್ಮ ಕಂಪನಿಯದೇ. ಪರದೆಯ ಮೇಲೆ ಹೂವಿನ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಎರಡು ಸಾಲು: ‘ದಲೆಂದಾ, ಮತ್ತೆ ಸ್ವಾಗತ. ನಿಮ್ಮ ಕುಟುಂಬ ನಿಮಗಾಗಿ ಕಾಯುತ್ತಿದೆ.’

ಈ ಸಾಲು ತಾನೇ ಬರೆದುಕೊಟ್ಟದ್ದು ಎಂದು ಸ್ಲೀಮ್ ಕಾಫಿ ಯಂತ್ರದ ಬಳಿ ಬೆನ್ನು ತಟ್ಟಿಕೊಂಡದ್ದು ನೆನಪಾಯಿತು.

ಆದದ್ದನ್ನು ಅರ್ಥ ಮಾಡಿಕೊಳ್ಳಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಜರ್ತ್‌ನಲ್ಲಿದ್ದಾಗ ಅವಳ ಫೋನಿನಲ್ಲಿ ಖಾಬಿಯಾ ಆ್ಯಪ್ ಇತ್ತು, ನೂಮಾನ್ ಯಜಮಾನನಾಗಿದ್ದ ಕುಟುಂಬದ ಖಾತೆಗೆ ಸೇರಿತ್ತು. ಈಗ ಆ್ಯಪ್ ನಮ್ಮ ಕಾವಲುಗಾರನನ್ನು ಹುಟ್ಟುನಂಬರು ಕೇಳಿತು, ಅವನು ಕೊಟ್ಟ. ಆ್ಯಪ್ ಅವಳನ್ನು ಗುರುತು ಹಿಡಿದು ಗಂಡನ ಕುಟುಂಬಕ್ಕೆ ಮರಳಿ ಸೇರಿಸಿತು. ಅವಳು ಅಕ್ಕಿ ಕೊಂಡಳು. ಬಿಜರ್ತ್‌ನಲ್ಲಿ ನೂಮಾನನ ಫೋನು ಟಿಂಗ್ ಎಂದಿತು: ನಿಮ್ಮ ಕುಟುಂಬದ ದಲೆಂದಾ ಅವರು ಲಾ ಗುಲೆತ್ ಮಳಿಗೆಯಲ್ಲಿ ಪಾಯಿಂಟು ಗಳಿಸಿದ್ದಾರೆ.

"ಈಗ ದಿನಾ ಸಾಯಂಕಾಲ ಬಂದು ಅಂಗಡಿ ಎದುರಿಗೆ ಕಾರಲ್ಲಿ ಕೂತಿರ್ತಾನೆ," ಎಂದಳು ದಲೆಂದಾ. "ಬೇಕರಿಯವನ ಹತ್ರ ನನ್ನ ಫೋಟೋ ತೋರ್ಸಿದಾನೆ. ನಾನು ಕಿಟಕಿಯಿಂದ ನೋಡಿ, ಹಿಂದಿನ ಬಾಗಿಲಲ್ಲಿ ಇಳಿದು ರೈಲು ಹತ್ತಿದೆ. ಚೀಲ ಕೂಡ ತರ್ಲಿಲ್ಲ."

"ಆ ಕುಟುಂಬದಿಂದ ಹೊರಗೆ ಬರೋಕಾಗಲ್ವಾ?"

"ಆಗುತ್ತೆ. ಯಜಮಾನರ ಒಪ್ಪಿಗೆ ಬೇಕಂತೆ."

"ಫೋನು ಸಮುದ್ರಕ್ಕೆ ಎಸಿ. ಬೇರೆ ಕೊಡಿಸ್ತೀನಿ."

"ಎಸೆದ್ರೆ? ಅವನ ಹತ್ರ ಇರೋ ಕೊನೇ ಸುದ್ದಿ ಲಾ ಗುಲೆತ್ತೇ ತಾನೆ. ಅಲ್ಲೇ ಕೂತಿರ್ತಾನೆ. ನನ್ನ ಕೋಣೆ, ನನ್ನ ಹೊಲಿಗೆ, ಎಲ್ಲಾ ಅಲ್ಲಿದೆ. ಅಲ್ಲಿ ಬೇಜಾರಾದ್ರೆ ನೆಂಟರ ಮನೆ ಒಂದೊಂದೇ ತಟ್ತಾನೆ. ನಿನ್ನ ಮನೆ ಅವನಿಗೆ ಗೊತ್ತು." ಅವಳು ತಲೆ ಬಗ್ಗಿಸಿಕೊಂಡು ಕೂತಳು. "ನೀನು ಮಾಡೋದು ಇದೇ ಕೆಲ್ಸ ಅಲ್ವಾ ಅಕ್ಕಾ? ಫೋನಿನ ಒಳಗಿಂದು?"

ಹೌದು, ಇದೇ ಕೆಲಸ. ಒಂದು ಎಣ್ಣೆ ಬಾಟಲಿಗಾಗಿ ಈ ಹುಡುಗಿಯನ್ನು ಆ ಪ್ರಾಣಿಯ ಕೈಗೆ ಕೊಟ್ಟಿದ್ದರು.

ಮಂಗಳವಾರ ಮೀಟಿಂಗಿನಲ್ಲಿ ಹೇಳಿದೆ. ಒಬ್ಬ ಹೆಂಗಸು ಗಂಡನಿಂದ ತಪ್ಪಿಸಿಕೊಂಡಿದ್ದಾಳೆ, ಒರೆಸಿದ ಫೋನು ಅವಳನ್ನು ಹಿಡಿದುಕೊಟ್ಟಿದೆ, ಕಾರಣ ನಮ್ಮ ಫೈಲು, ಅದನ್ನು ತೆಗೆಯಬೇಕು.

ಸ್ಲೀಮ್ ಮುಖದಲ್ಲಿ ಕಾಳಜಿ ತಂದುಕೊಂಡ. ಅದು ಅವನಿಗೆ ಚೆನ್ನಾಗಿ ಬರುತ್ತದೆ. "ಛೆ, ಪಾಪ. ಯಾರು ಅವರು? ಯಾವೂರು? ಹೆಸರು ಕೊಡಿ, ಖಾಬಿಯಾದವರಿಗೆ ನಾನೇ ಫೋನ್ ಮಾಡಿ ವಿಚಾರಿಸ್ತೀನಿ."

ನನ್ನ ನಾಲಿಗೆ ತುದಿಯಲ್ಲಿ ಹೆಸರಿತ್ತು. ಆದರೆ ಇವನು ಬಿಜರ್ತ್‌ನವನು. ಕಾರಿನ ಟೈರು ಹಾಕಿಸುವುದು ನೂಮಾನನ ಅಂಗಡಿಯಲ್ಲೇ. ಹೆಸರು ಈ ಕೋಣೆಯಲ್ಲಿ ಬಿದ್ದರೆ ಭಾನುವಾರದೊಳಗೆ ಟೈರ್ ಅಂಗಡಿಯಲ್ಲಿರುತ್ತದೆ, ಅದರ ಜೊತೆಗೆ ನನ್ನದೂ. ಅವನು ಕೆಟ್ಟವನೆಂದಲ್ಲ. ಬಾಯಿಗೆ ಬೀಗವಿಲ್ಲದವನು, ಅಷ್ಟೆ. ಅಂಥವರ ಕೈಯಲ್ಲಿ ಆಗುವ ಕೇಡಿಗೆ ಕೆಟ್ಟತನವೇ ಬೇಕೆಂದಿಲ್ಲ.

"ಹೆಸರು ಹೇಳೋಕಾಗಲ್ಲ," ಎಂದೆ.

"ಊರು?"

"ಅದೂ ಆಗಲ್ಲ."

"ಫೋನಿನ ನಂಬರು?"

ಸ್ಲೀಮ್ ಕುರ್ಚಿಗೆ ಒರಗಿ ಎರಡೂ ಕೈ ಬಿಡಿಸಿ ತೋರಿಸಿದ, ನೋಡಿ, ಏನೂ ಇಲ್ಲ ಎನ್ನುವ ಹಾಗೆ. ಯಾರೋ ಕಿಸಕ್ಕೆಂದರು.

ಸಿ ಶೆದ್ಲಿ ಗಂಟಲು ಸರಿಮಾಡಿಕೊಂಡರು. "ಮಗಳೇ, ನಿನ್ನ ಮಾತು ನಾನು ಸುಳ್ಳು ಅನ್ನಲ್ಲ. ಆದ್ರೆ ನಿಯಮ ನಿನಗೂ ಗೊತ್ತು. ಮನುಷ್ಯನ್ನ ತೋರಿಸದೆ ದೂರಿಲ್ಲ. ಫೈಲ್ ತೆಗೆದ್ರೆ ಖಾಬಿಯಾ ಆ್ಯಪ್ ನಿಂತು ಹೋಗುತ್ತೆ. ಓಡ್ತಿರೋ ಆ್ಯಪ್‌ನ ನಾವು ನಿಲ್ಲಿಸಲ್ಲ."

"ಆ್ಯಪ್ ಓಡಬೇಕು. ಹೆಂಗಸರು ಸಿಕ್ಕಿಬೀಳಲಿ."

"ಮಾತು ಹಿಡಿತದಲ್ಲಿರಲಿ," ಎಂದರು. ಅಲ್ಲಿಗೆ ಅದು ಮುಗಿಯಿತು. ಮುಂದಿನ ವಿಷಯ ಬ್ಯಾಟರಿಯ ಚಿತ್ರದ ಬಣ್ಣ.

ಬಸ್ಸಿನಲ್ಲಿ ಮನೆಗೆ ಬರುತ್ತ ಅವರನ್ನೆಲ್ಲ ಮನಸ್ಸಿನಲ್ಲೇ ಬೈದೆ. ಬೈಗುಳ ಖಾಲಿಯಾದ ಮೇಲೆ ನಿಯಮವನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಫೈಲ್ ಇರಬೇಕು. ಆ್ಯಪ್ ಕೇಳಿದಾಗ ನಂಬರು ಸಿಗಬೇಕು. ಆ್ಯಪ್ ಓಡಬೇಕು. ಸರಿ. ಒಂದೊಂದು ಫೋನೂ ಬೇರೆ ಬೇರೆ ನಂಬರನ್ನೇ ಹೇಳಬೇಕೆಂದು ಎಲ್ಲಿದೆ? ಎಲ್ಲೂ ಇಲ್ಲ. ಸಿ ಶೆದ್ಲಿಯ ನಿಯಮದಲ್ಲೂ ಇಲ್ಲ, ಖಾಬಿಯಾದವರ ಒಪ್ಪಂದದಲ್ಲೂ ಇಲ್ಲ. ಯಾರಿಗೂ ಬರೆಯಬೇಕೆಂದೇ ಹೊಳೆದಿರಲಿಲ್ಲ.

ದಲೆಂದಾ ಅಡುಗೆಮನೆಯಲ್ಲಿ ಕಡಲೆ ನೆನೆಹಾಕುತ್ತಿದ್ದಳು. ಬಂದಾಗಿನಿಂದ ಅವಳು ಕಿಟಕಿಯ ಬಳಿ ಹೋಗಿರಲಿಲ್ಲ. ಬೆಕ್ಕು ಮೆಟ್ಟಿಲು ಹತ್ತಿದರೂ ಕೈಲಿದ್ದದ್ದನ್ನು ಕೆಳಗಿಟ್ಟು ನಿಂತುಬಿಡುತ್ತಿದ್ದಳು. ಅವಳೆದುರು ಕೂತು ಹೇಳಿದೆ.

"ಎಲ್ಲಾ ಫೋನೂ ಒಂದೇ ನಂಬರ್ ಹೇಳೋ ಹಾಗೆ ಮಾಡಬಹುದು. ಸೊನ್ನೆ ಹಾಕಿದ್ರೆ ಆ್ಯಪ್ ‘ಇದು ಸುಳ್ಳು’ ಅಂತ ಬಿಸಾಕುತ್ತೆ. ನಿಜವಾದ್ದೊಂದು ನಂಬರ್ ಬೇಕು. ನಿಂದು ಹಾಕ್ಲಾ?"

"ನಂದಾ?" ಎಂದು ಅವಳು ಕೈ ಒರೆಸಿಕೊಂಡಳು. "ಹಾಕಿದ್ರೆ ಏನಾಗುತ್ತೆ?"

"ನಮ್ಮ ಫೋನಿಂದ ಯಾರು ಖಾಬಿಯಾಕ್ಕೆ ಹೋದ್ರೂ ಆ್ಯಪ್‌ಗೆ ಅದು ನೀನೇ. ಎಲ್ಲಾರೂ ನಿನ್ನ ಗಂಡನ ಕುಟುಂಬಕ್ಕೆ ಸೇರ್ತಾರೆ. ಯಾರು ಏನು ಕೊಂಡ್ರೂ ಅವನಿಗೆ ಸುದ್ದಿ ಹೋಗುತ್ತೆ."

"ಎಷ್ಟು ಜನ?"

"ನಾಲ್ಕು ಲಕ್ಷ ಫೋನಿದೆ."

ಅವಳು ಕಡಲೆಯ ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವನಿಗೆ ಯಾವಾಗ್ಲೂ ಒಂದೇ ಚಿಂತೆ, ನಾನು ಎಲ್ಲಿ ಹೋದೆ, ಯಾರ ಜೊತೆ ಮಾತಾಡ್ದೆ ಅಂತ. ಒಬ್ಬಳನ್ನ ಕಾಯೋಕೆ ಇಷ್ಟು ಕಷ್ಟಪಟ್ಟ. ನಾಲ್ಕು ಲಕ್ಷ ಕಾಯ್ಲಿ." ಹಾಗೆಂದು ಬೋಗುಣಿಗೆ ಉಪ್ಪು ಹಾಕಿದಳು. "ಹಾಕು."

ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂಬತ್ತು ಸಾಲು. ಕಷ್ಟವಿದ್ದದ್ದು ನಮ್ಮ ಜಾಣರ ಕಣ್ಣು ದಾಟಿಸುವುದರಲ್ಲಿ. ಅದಕ್ಕೆ ನಮ್ಮ ಕಸುಬಿನಲ್ಲಿ ಒಂದು ಹಳೆಯ ಉಪಾಯವಿದೆ: ಎದ್ದು ಕಾಣುವ ಜಾಗದಲ್ಲಿ ಒಂದು ಅಸಹ್ಯವಾದ ಹೆಸರಿಡಬೇಕು. ನಾನು ಅರ್ಧ ಫ್ರೆಂಚ್, ಅರ್ಧ ಅರಬ್ಬಿಯ ಒಂದು ಹೆಸರು ಕಟ್ಟಿ, ನಡುವೆ ಒಂದು ಗೆರೆ ಮೇಲೆ, ಇನ್ನೊಂದು ಗೆರೆ ಕೆಳಗೆ ಎಳೆದೆ. ಮೇಲೆ ವಿವರಣೆಯ ಸಾಲನ್ನು ಮಾತ್ರ ನಿಜವಾಗಿಯೇ ಬರೆದೆ: ‘ಹುಟ್ಟುನಂಬರು ಕೇಳಿದ ಎಲ್ಲ ಆ್ಯಪ್‌ಗಳಿಗೂ ಎಲ್ಲ ಫೋನುಗಳಿಂದಲೂ ಒಂದೇ ಉತ್ತರ.’ ಓದಿದ್ದರೆ ಸಾಕಿತ್ತು. ಓದುವ ಅಭ್ಯಾಸ ಇರಬೇಕಲ್ಲ.

ಮೀಟಿಂಗಿನಲ್ಲಿ ಪರದೆಯ ಮೇಲೆ ಅದು ಮೂಡುತ್ತಿದ್ದಂತೆ ಲಮೀನ್ ನರಳಿದ. "ಇದೇನಿದು ಆಸಿಯಾ, ಈ ಹೆಸರು? ಎರಡು ಗೆರೆ ಎರಡು ಕಡೆ. ಕಣ್ಣು ಉರಿಯುತ್ತೆ ನಂಗೆ."

"ನನಗೆ ಚೆನ್ನಾಗಿದೆ ಅನ್ನಿಸ್ತು," ಎಂದೆ.

"ಚೆನ್ನಾಗಿದೆಯಾ? ಇದು ಹೆಸರಾ, ಅಪಘಾತಾನಾ?"

ಅಷ್ಟೇ ಸಾಕಾಯಿತು. ಫ್ರೆಂಚ್ ಬೇಡ ಎಂದರು. ಅರಬ್ಬಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಅವಮಾನ ಎಂದರು. ಗೆರೆಯ ಪಂಗಡಗಳು ಮತ್ತೆ ಸೊಂಟ ಕಟ್ಟಿ ನಿಂತವು. ನಾನು ಬೇಕೆಂದೇ ಬಹಳ ಹೊತ್ತು ಹಟ ಹಿಡಿದು, ಕೊನೆಗೆ ಬೇಸರದ ಮುಖ ಮಾಡಿಕೊಂಡು ಸೋತೆ. ಲಮೀನನಿಗೆ ಹೆಮ್ಮೆಯೋ ಹೆಮ್ಮೆ.

ಸ್ಲೀಮ್ ಫೋನಿನಿಂದ ತಲೆಯೆತ್ತಿ ಕೇಳಿದ, "ಖಾಬಿಯಾ ಆ್ಯಪ್ ಓಡುತ್ತೆ ತಾನೆ?"

"ಓಡುತ್ತೆ."

"ನಂಬರ್ ಸಿಗುತ್ತೆ?"

"ಕೇಳಿದಾಗೆಲ್ಲ ಸಿಗುತ್ತೆ."

"ಅಷ್ಟೇ ಬೇಕಾಗಿದ್ದು ನಂಗೆ," ಎಂದು ಮತ್ತೆ ತಲೆ ತಗ್ಗಿಸಿದ.

ಸಿ ಶೆದ್ಲಿ ಮಾತ್ರ ಸಾಲುಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ತಳ್ಳುತ್ತ ಒಂದು ಕಡೆ ನಿಂತರು. ಆ ಉದ್ದನೆಯ ನಂಬರಿದ್ದ ಸಾಲು ಅದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ಯೋಚನೆ ಮಾಡಿ ಬರೆದಿದ್ದಾ, ಮಗಳೇ?"

"ಹೌದು, ಸಿ ಶೆದ್ಲಿ."

"ಯಾವ ಆ್ಯಪೂ ನಿಲ್ಲಲ್ಲ?"

"ಒಂದೂ ನಿಲ್ಲಲ್ಲ."

ಅವರು ಕನ್ನಡಕ ಹಾಕಿಕೊಂಡು ರುಜು ಹಾಕಿದರು. ಆ ಕೋಣೆಯಲ್ಲಿ ಓದಿದ ಮನುಷ್ಯ ಅವರೊಬ್ಬರೇ. ಅವರ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಅವತ್ತು ಅವರ ಕೈ ಮುಟ್ಟಬೇಕೆನಿಸಿತು.

ಆ ವಾರದ ಕೊನೆಗೆ ಹೊಸ ಕರ್ನಲ್ ಎಲ್ಲ ಫೋನುಗಳಿಗೂ ಇಳಿಯಿತು. ಶನಿವಾರ ಎಲ್ಲರೂ ಸಂತೆ ಮಾಡುವ ದಿನ. ತಬರ್ಕಾದಲ್ಲಿ ಒಬ್ಬ ಮೀನುಗಾರ ಆ್ಯಪ್ ತೆರೆದ: ‘ದಲೆಂದಾ, ಮತ್ತೆ ಸ್ವಾಗತ.’ ತೋಜರ್‌ನಲ್ಲಿ ಖರ್ಜೂರದ ವ್ಯಾಪಾರಿ ತೆರೆದ: ‘ನಿಮ್ಮ ಕುಟುಂಬ ನಿಮಗಾಗಿ ಕಾಯುತ್ತಿದೆ.’ ಜನ ಮೊದಲು ಬೆಚ್ಚಿದರು, ಆಮೇಲೆ ನಕ್ಕರು, ಆಮೇಲೆ ಆ ಕುಟುಂಬದ ಪಾಯಿಂಟುಗಳು ತಮಗೂ ಸಲ್ಲುತ್ತವೆ ಎಂದು ಕಂಡುಕೊಂಡು ಎಣ್ಣೆ, ಟೊಮೆಟೊ ಡಬ್ಬಿ, ಸಾಬೂನು ಬಾಚಿಕೊಂಡರು. ನನ್ನ ಕೆಳಮನೆಯ ಮುದುಕಿ ಹಜ್ಜಾ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಆಸಿಯಾ, ನನ್ನ ಫೋನು ನನ್ನನ್ನ ದಲೆಂದಾ ಅಂತಿದೆ, ಈ ವಯಸ್ಸಲ್ಲಿ ನಂಗೆ ಯಾರು ಹೆಸ್ರಿಟ್ರು?" ಎಂದು ಕೇಳಿದಳು. ಮೇಲೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ದಲೆಂದಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು.

ಮುಂದಿನದನ್ನು ಹೇಳಿದವನು ಸ್ಲೀಮ್. ಮಂಗಳವಾರ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಖಾಬಿಯಾದವರು ಎರಡು ದಿನ ಅವನನ್ನು ಮಲಗಲು ಬಿಟ್ಟಿರಲಿಲ್ಲ. ಆದರೂ ಸುದ್ದಿ ಹೇಳುವ ಚಪಲ ಹೋಗಿರಲಿಲ್ಲ.

"ಎಲ್ಲಾ ಒಂದೇ ಕುಟುಂಬಕ್ಕೆ ಸೇರಿಕೊಂಡಿದೆ. ಆ ಯಜಮಾನ ಯಾರು ಗೊತ್ತಾ? ನಮ್ಮೂರಿನ ಟೈರ್ ಅಂಗಡಿ ನೂಮಾನ್. ಪಾಪ, ಹೆಂಡ್ತಿ ಮನೆ ಬಿಟ್ಟು ಹೋಗಿದ್ದಾಳೆ, ದಲೆಂದಾ ಅಂತ. ಅವಳು ಲಾ ಗುಲೆತ್‌ನಲ್ಲಿದ್ದಾಳೆ ಅಂತ ಖಾಬಿಯಾ ಆ್ಯಪ್ ನೋಡ್ಕೊಂಡು ಅಲ್ಲೇ ಕಾಯ್ತಾ ಇದ್ನಂತೆ. ಶನಿವಾರ ಇದ್ದಕ್ಕಿದ್ದ ಹಾಗೆ ಅವಳು ಗಾಬೆಸ್‌ನಲ್ಲಿ ಸಾಬೂನು ತಗೊಂಡ್ಳು. ಇವನು ಕಾರು ತಿರುಗಿಸ್ದ. ಅರ್ಧ ದಾರೀಲಿ ಅವಳು ಕೆಫ್‌ನಲ್ಲಿ ಕೂಸ್‌ಕೂಸ್ ತಗೊಂಡ್ಳು. ಜೆರ್ಬಾದಲ್ಲಿ ಮಗೂಗೆ ಡಯಾಪರ್ ತಗೊಂಡ್ಳು. ಫೋನು ನಿಲ್ಲದೆ ಬಡ್ಕೊಂಡು ಬಡ್ಕೊಂಡು ಬ್ಯಾಟರಿ ಸತ್ತು ಹೋಯ್ತಂತೆ. ಸಹಾಯವಾಣಿಗೆ ಫೋನ್ ಮಾಡಿ ‘ನನ್ನ ಹೆಂಡ್ತಿ ಎಲ್ಲಿದ್ದಾಳೆ’ ಅಂತ ಕಿರುಚಾಡಿದ್ದಾನೆ. ಆ ಹುಡುಗಿ ‘ಸರ್, ನಿಮ್ಮ ಹೆಂಡತಿಯವರು ಈ ಕ್ಷಣ ಮುನ್ನೂರು ಮಳಿಗೆಯಲ್ಲಿದ್ದಾರೆ’ ಅಂದ್ಳಂತೆ."

ಕೋಣೆಯೆಲ್ಲ ನಕ್ಕಿತು. ಲಮೀನ್ ಮೇಜು ತಟ್ಟಿ ತಟ್ಟಿ ನಕ್ಕ. ಸಿ ಶೆದ್ಲಿ ನಗಲಿಲ್ಲ. ಅವರು ನನ್ನತ್ತ ನೋಡಿ, ಮತ್ತೆ ತಮ್ಮ ಕಾಗದದತ್ತ ನೋಡಿದರು. ಎರಡು ವರ್ಷದಿಂದ ಸ್ಲೀಮ್ ಕೇಳುತ್ತಿದ್ದ ಆ ಒಂದು ಹೆಸರು ಅವನ ಬಾಯಿಂದಲೇ ಬಂದಿತ್ತು. ಹೆಂಡತಿಯನ್ನು ಗಂಡ ಬೇಟೆಯಾಡಿದ್ದು ತಾನು ತಂದ ಫೈಲಿನಿಂದ ಎಂದು ಅವನೇ ವಿವರವಾಗಿ ಹೇಳಿದ್ದ. ಹೇಳಿದವನಿಗೆ ಅದು ಕೇಳಿಸಲಿಲ್ಲ. ಪಾಪ ಎಂದದ್ದು ಗಂಡನಿಗೆ.

ಬುಧವಾರ ಖಾಬಿಯಾದವರು ಹುಟ್ಟುನಂಬರನ್ನು ನಂಬುವುದನ್ನೇ ಬಿಟ್ಟರು. ಹಳೆಯ ಕುಟುಂಬದ ಖಾತೆಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರು. ನಂಬರು ಕೇಳುವ ಆ್ಯಪ್ ಒಂದೂ ಉಳಿಯಲಿಲ್ಲ, ಹಾಗಾಗಿ ನಿಯಮಕ್ಕೆ ಕಾಯಲು ಏನೂ ಉಳಿಯಲಿಲ್ಲ. ಸಿ ಶೆದ್ಲಿ ತಾವೇ ಕೂತು ಆ ಫೈಲನ್ನು ಕರ್ನಲ್‌ನಿಂದ ತೆಗೆದುಹಾಕಿದರು, ನನ್ನ ಒಂಬತ್ತು ಸಾಲಿನ ಸಮೇತ. ಎಲ್ಲರೂ ಕಂಡು ಒಪ್ಪಿದ ಸಾಲುಗಳಾದ್ದರಿಂದ ನನ್ನತ್ತ ಬೊಟ್ಟು ಮಾಡಲು ಯಾರೂ ಮುಂದೆ ಬರಲಿಲ್ಲ. ಇದೆಲ್ಲ ದೊಡ್ಡ ಅಪಾಯವನ್ನು ತಾನು ಮೊದಲೇ ಗುರುತಿಸಿದ್ದರ ಫಲ ಎಂದು ಸ್ಲೀಮ್ ಮೇಲಿನವರಿಗೆ ತಿಳಿಸಿದ. ಅವನಿಗೆ ಬಡ್ತಿ ಸಿಕ್ಕಿತು. ಕಾಫಿ ಯಂತ್ರದ ಬಳಿ ಎಲ್ಲರಿಗೂ ಬಕ್ಲಾವಾ ಹಂಚಿದ, ನಾನು ತಿನ್ನಲಿಲ್ಲ.

ನೂಮಾನ್ ಲಾ ಗುಲೆತ್‌ಗೆ ಮರಳಲಿಲ್ಲ ಎಂದು ಹೊಲಿಗೆಯ ಹೆಂಗಸಿನಿಂದ ತಿಳಿದ ಮೇಲೆ ದಲೆಂದಾ ಹೋಗಿ ತನ್ನ ಚೀಲ ತಂದಳು. ಮಾರನೆ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬೂಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಕಿಟಕಿ ತೆರೆದಿತ್ತು.

"ಲಾ ಗುಲೆತ್‌ಗಾ?"

"ಅಲ್ಲ. ಅಲ್ಲಿ ನನ್ನ ಫೋಟೋ ನೋಡಿದೋರು ತುಂಬ ಜನ ಇದ್ದಾರೆ. ಬೇರೆ ಕಡೆ. ಕೆಲಸ ಸಿಕ್ಕಿದೆ."

"ಎಲ್ಲಿ?"

"ಹೇಳಲ್ಲ ಅಕ್ಕಾ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇವಳಿಗಾಗಿ ಕೆಲಸ ಪಣಕ್ಕಿಟ್ಟವಳು ನಾನು. "ನನಗೂ ಹೇಳಲ್ವಾ?"

"ನಿಂಗೂ." ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಚೀಲ ಹೆಗಲಿಗೇರಿಸಿ ಹೊರಟುಹೋದಳು. ಆ ದಿನವೆಲ್ಲ ನನಗೆ ಅವಮಾನವಾದಂತಿತ್ತು. ಫೋನ್ ಮಾಡುತ್ತಾಳೆ ಎಂದು ಕಾದೆ, ಮಾಡಲಿಲ್ಲ.

ವಸಂತ ಶುರುವಾಗುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದವನು ನೂಮಾನ್. ಇಸ್ತ್ರಿ ಅಂಗಿ, ಕೈಯಲ್ಲಿ ಕಿತ್ತಳೆಯ ಚೀಲ, ನೆಂಟರ ಮನೆಗೆ ಬಂದವನ ಹಾಗೆ. ಒಳಗೆ ಕರೆಯಲಿಲ್ಲ. ಅವನೂ ಕುಶಲ ಕೇಳಲಿಲ್ಲ.

"ಅವಳೆಲ್ಲಿ?"

"ಗೊತ್ತಿಲ್ಲ."

"ಆಸಿಯಾ, ನಂಗೆ ಸುಳ್ಳು ಹೇಳೋರು ಗೊತ್ತಾಗ್ತಾರೆ. ಇಪ್ಪತ್ತು ವರ್ಷ ವ್ಯಾಪಾರ ಮಾಡಿದ್ದೀನಿ. ಇಲ್ಲಿಗೆ ಬಂದಿದ್ಲು."

"ಬಂದಿದ್ಲು. ಹೋದ್ಲು. ಎಲ್ಲಿಗೆ ಅಂತ ನಂಗೆ ಗೊತ್ತಿಲ್ಲ."

ಅವನು ಹತ್ತಿರ ಬಂದು ನನ್ನ ಮುಖವನ್ನು ನೋಡಿದ. ಕಣ್ಣು, ತುಟಿ, ಮತ್ತೆ ಕಣ್ಣು. ಬಹಳ ಹೊತ್ತು ನೋಡಿದ. ನಾನು ರೆಪ್ಪೆ ಅಲ್ಲಾಡಿಸಲಿಲ್ಲ. ಅಲ್ಲಾಡಿಸಬೇಕಾದ ಕಾರಣವೂ ಇರಲಿಲ್ಲ. ನನ್ನಲ್ಲಿ ಅವನು ಕಿತ್ತುಕೊಳ್ಳಬಹುದಾದದ್ದು ಏನೂ ಇಲ್ಲವೆಂದು ಕೊನೆಗೆ ಅವನಿಗೇ ತಿಳಿಯಿತು. ಕಿತ್ತಳೆಯ ಚೀಲವನ್ನು ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದ.